ಹೆರಿಗೆ ಖರ್ಚು: ಮೂರನೇ ತಿಂಗಳಲ್ಲೇ ಹಾಕಬೇಕಾದ ಲೆಕ್ಕ

ಹೆರಿಗೆಗೆಂದು ಸರ್ಕಾರ ಕೊಡುವ ಹಣಕ್ಕೆ ಅರ್ಹರಾದವರಿಗೂ ಅದು ಎಷ್ಟೋ ಸಲ ಕೈಗೆ ಸಿಗುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಗರ್ಭಿಣಿಗೆ ಆರೋಗ್ಯ ಕೇಂದ್ರ ಕೊಡುವ ತಾಯಿ ಕಾರ್ಡ್‌ನಲ್ಲಿ ಇನ್ನೊಂದು. ರೇಷನ್ ಕಾರ್ಡ್ ಇನ್ನೂ ತವರಿನಲ್ಲಿ. ಅರ್ಜಿಯ ಗಡುವು ಬಾಣಂತನದ ಗಡಿಬಿಡಿಯಲ್ಲಿ ಮರೆತೇ ಹೋಗಿರುತ್ತದೆ. ಖಾಸಗಿ ಆಸ್ಪತ್ರೆಯ ಬಿಲ್ಲಿನ ಕಥೆಯೂ ಬೇರೆಯಲ್ಲ. ನೋವು ಶುರುವಾದ ಮೇಲೆ ಯಾರೂ ದರ ವಿಚಾರಿಸುವುದಿಲ್ಲ. ಕರ್ನಾಟಕದಲ್ಲಿ ಹೆರಿಗೆಯ ಖರ್ಚು ಮತ್ತು ನೆರವಿನ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಿಕೊಳ್ಳಬೇಕು ಎಂಬುದು ಇಲ್ಲಿದೆ.

ಮೊದಲ ಕೆಲಸ ತಾಯಿ ಕಾರ್ಡ್

ಮುಟ್ಟು ನಿಂತದ್ದು ಖಚಿತವಾದ ಕೂಡಲೇ, 12 ವಾರದೊಳಗೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೇ ಕರೆದುಕೊಂಡು ಹೋಗುತ್ತಾರೆ. ತಾಯಿ ಕಾರ್ಡ್ ಉಚಿತ. ಅದರ ಮೇಲೆ ಬರೆಯುವ ಆರ್‌ಸಿಎಚ್ ಸಂಖ್ಯೆ (ಆರೋಗ್ಯ ಇಲಾಖೆಯಲ್ಲಿ ತಾಯಿಯ ನೋಂದಣಿ ಸಂಖ್ಯೆ) ಮುಂದಿನ ಎಲ್ಲ ನೆರವಿಗೂ ಬೇಕು. ‘ನಾವು ಪ್ರೈವೇಟ್‌ನಲ್ಲಿ ತೋರಿಸ್ತೇವೆ, ಅದ್ಯಾಕೆ’ ಎಂದು ಇದನ್ನು ಬಿಡುವವರು ಬಹಳ. ಬಿಡಬೇಡಿ. ಖಾಸಗಿ ವೈದ್ಯರಲ್ಲಿ ತಪಾಸಣೆ ನಡೆಯುತ್ತಿದ್ದರೂ ತಾಯಿ ಕಾರ್ಡ್ ಮಾಡಿಸಬಹುದು. ಆ ವರದಿಗಳನ್ನೇ ಒಯ್ದು ಕಾರ್ಡ್‌ನಲ್ಲಿ ಬರೆಸಿ.

ಕಾರ್ಡ್‌ನಲ್ಲಿ ಅತಿ ಮುಖ್ಯವಾದ ಸಾಲು, ಕೊನೆಯ ಸಲ ಮುಟ್ಟಾದ ದಿನಾಂಕ. ಹೆರಿಗೆಯ ದಿನ, ಮುಂದೆ ಹೇಳುವ ಮಾತೃವಂದನಾ ಯೋಜನೆಯ ಹಣದ ಗಡುವು, ರಜೆಯ ಲೆಕ್ಕ ಎಲ್ಲವೂ ಅಲ್ಲಿಂದಲೇ ಶುರು. ‘ಯುಗಾದಿ ಆಸುಪಾಸು’ ಎಂದು ಅಂದಾಜಿಗೆ ಬರೆಸಿದರೆ ಸ್ಕ್ಯಾನಿಂಗ್ ವರದಿಗೂ ಕಾರ್ಡಿಗೂ ತಾಳೆಯಾಗದೆ ಅರ್ಜಿ ವಾಪಸು ಬರುತ್ತದೆ. ನೆನಪಿಲ್ಲದಿದ್ದರೆ ಮೊದಲ ಸ್ಕ್ಯಾನಿಂಗ್ ಆದ ಮೇಲೆ ವೈದ್ಯರು ಹೇಳಿದ ದಿನಾಂಕವನ್ನೇ ಎಲ್ಲ ಕಡೆ ಕೊಡಿ.

ಹೆಸರು, ಖಾತೆ, ರೇಷನ್ ಕಾರ್ಡ್

ಆಧಾರ್, ತಾಯಿ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರ ಅಕ್ಷರ ಒಂದೇ ಇರಲಿ. ಮದುವೆಯ ನಂತರ ಇನಿಷಿಯಲ್ ಬದಲಿಸಿಕೊಂಡವರು ತಾಯಿ ಕಾರ್ಡನ್ನು ಆಧಾರ್‌ಗೆ ಹೊಂದಿಸುವುದು ಸುಲಭದ ದಾರಿ. ಆಧಾರ್ ತಿದ್ದಿಸಲು ಹೊರಟರೆ ತಿಂಗಳುಗಳು ಹೋಗಬಹುದು.

ನೆರವಿನ ಹಣ ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಎಂದುಕೊಳ್ಳಬೇಡಿ. ಅದು ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಕಾಲೇಜಿನ ದಿನಗಳಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದ ಝೀರೋ ಬ್ಯಾಲೆನ್ಸ್ ಖಾತೆಗೆ ದುಡ್ಡು ಬಂದು ಬಿದ್ದಿದ್ದರೂ ಗೊತ್ತಾಗದೆ, ಹಣವೇ ಬಂದಿಲ್ಲವೆಂದು ಅಂಗನವಾಡಿಗೆ ಅಲೆಯುವವರಿದ್ದಾರೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಯಾವ ಬ್ಯಾಂಕ್ ಎಂದು ತಿಳಿಯುತ್ತದೆ. ಬದಲಿಸಬೇಕಿದ್ದರೆ ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಗೆ ಅರ್ಜಿ ಕೊಡಿ. ಖಾತೆ ತಾಯಿಯ ಹೆಸರಿನದ್ದೇ ಆಗಿರಬೇಕು, ಗಂಡನದ್ದು ನಡೆಯದು.

ರೇಷನ್ ಕಾರ್ಡ್‌ನಲ್ಲಿ ಹೆಸರು ತವರಿನಲ್ಲೇ ಉಳಿದಿದ್ದರೆ ಗಂಡನ ಮನೆಯ ಕಾರ್ಡಿಗೆ ಈಗಲೇ ವರ್ಗಾಯಿಸಿಕೊಳ್ಳಿ, ಇಲ್ಲವೇ ತವರಿನ ಕಾರ್ಡಿನಲ್ಲೇ ಹೆರಿಗೆ ಮುಗಿಸಿ. ಅಲ್ಲಿಂದ ತೆಗೆಸಿ ಇಲ್ಲಿ ಸೇರಿಸುವ ಮೊದಲೇ ನೋವು ಬಂದರೆ ಯಾವ ಕಾರ್ಡಿನಲ್ಲೂ ಹೆಸರಿಲ್ಲದ ಸ್ಥಿತಿ. ಬಿಪಿಎಲ್ ಸೌಲಭ್ಯಗಳಿಗೆಲ್ಲ ಆಸ್ಪತ್ರೆ ಮೊದಲು ಕೇಳುವುದು ಇದನ್ನೇ.

ಮಾತೃವಂದನಾ: 5,000 ಮತ್ತು 6,000

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತಿನಲ್ಲಿ. ಗರ್ಭಿಣಿಯೆಂದು ನೋಂದಣಿಯಾಗಿ, ಕೊನೆಯ ಮುಟ್ಟಿನಿಂದ 6 ತಿಂಗಳೊಳಗೆ ಕನಿಷ್ಠ ಒಂದು ತಪಾಸಣೆ ಆಗಿದ್ದರೆ 3,000. ಜನನ ನೋಂದಣಿಯಾಗಿ, ಮಗುವಿಗೆ ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2,000. 2022ರ ಏಪ್ರಿಲ್ 1ರಿಂದ ಎರಡನೇ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000 ರೂಪಾಯಿ ಸಿಗುತ್ತದೆ. ಎರಡನೆಯದು ಗಂಡಾದರೆ ಇಲ್ಲ.

ಬಿಪಿಎಲ್ ಕಾರ್ಡ್, ಜಾತಿ ಪ್ರಮಾಣಪತ್ರ (ಪರಿಶಿಷ್ಟ ಜಾತಿ, ಪಂಗಡದವರಿಗೆ), ಇ-ಶ್ರಮ್ ಕಾರ್ಡ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಆಯುಷ್ಮಾನ್ ಕಾರ್ಡ್, ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಎಂಬ ಪ್ರಮಾಣಪತ್ರ, ಇವುಗಳಲ್ಲಿ ಒಂದಿದ್ದರೆ ಸಾಕು. ಎಪಿಎಲ್ ಕುಟುಂಬಗಳು ‘ನಮಗೆಲ್ಲಿ’ ಎಂದು ಸುಮ್ಮನಾಗುತ್ತವೆ, ಆದರೆ ಆದಾಯ ಪ್ರಮಾಣಪತ್ರದ ದಾರಿ ಅವರಿಗೂ ತೆರೆದಿದೆ. ಗಂಡನ ಆಧಾರ್ ಕಡ್ಡಾಯವಲ್ಲ. ಸರ್ಕಾರಿ ನೌಕರಿಯಲ್ಲಿ ಕಾಯಂ ಇರುವವರಿಗೆ, ಕಾನೂನಿನಂತೆ ಇಂಥದೇ ಸೌಲಭ್ಯ ಬೇರೆಡೆ ಪಡೆಯುವವರಿಗೆ ಇದು ಅನ್ವಯಿಸದು.

ಅರ್ಜಿಯನ್ನು ಅಂಗನವಾಡಿ ಟೀಚರ್ ಮೂಲಕ ಹಾಕಬಹುದು, ಯೋಜನೆಯ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಮಗು ಹುಟ್ಟಿದ 270 ದಿನ ದಾಟಿದರೆ ಬಾಗಿಲು ಮುಚ್ಚುತ್ತದೆ. ತವರಿಗೆ ಹೋಗುವ ಮೊದಲೇ ಗಂಡನ ಊರಿನಲ್ಲಿ ಮೊದಲ ಕಂತಿನ ಅರ್ಜಿ ಮುಗಿಸಿ, ಸ್ವೀಕೃತಿಯ ಫೋಟೊ ತೆಗೆದಿಟ್ಟುಕೊಳ್ಳಿ. ಹೆಚ್ಚು ಜನರಿಗೆ ಎರಡನೇ ಕಂತು ನಿಲ್ಲುವುದು ಲಸಿಕೆಯಿಂದ. 6, 10, 14ನೇ ವಾರದ ಚುಚ್ಚುಮದ್ದುಗಳನ್ನು ತವರೂರಿನಲ್ಲಿ ಹಾಕಿಸಿದಾಗ ಅದೇ ತಾಯಿ ಕಾರ್ಡ್‌ನಲ್ಲಿ, ಅದೇ ಆರ್‌ಸಿಎಚ್ ಸಂಖ್ಯೆಯಡಿ ನಮೂದಾಗಬೇಕು. ಅಲ್ಲಿ ಹೊಸ ಕಾರ್ಡ್ ಮಾಡಿಕೊಟ್ಟರೆ ಒಬ್ಬಳೇ ತಾಯಿ ದಾಖಲೆಯಲ್ಲಿ ಇಬ್ಬರಾಗಿಬಿಡುತ್ತಾಳೆ.

ಇದರ ಜೊತೆಗೆ ಅಂಗನವಾಡಿಯ ಮಾತೃಪೂರ್ಣ ಬಿಸಿಯೂಟ ಗರ್ಭಿಣಿಯರಿಗೂ ಬಾಣಂತಿಯರಿಗೂ ಸಿಗುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇದೆ. ಖಾಸಗಿಯಲ್ಲಿ ತೋರಿಸುವವರೂ ಎರಡನೇ ಅಭಿಪ್ರಾಯಕ್ಕೆ ಹೋಗಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಏನೇನು ಉಚಿತ

2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ನಾರ್ಮಲ್ ಆಗಲಿ ಸಿಜೇರಿಯನ್ ಆಗಲಿ ಒಂದು ಪೈಸೆ ಕೊಡಬೇಕಿಲ್ಲ. ಔಷಧ, ಗ್ಲೌಸು, ಹೊಲಿಗೆ ದಾರ, ರಕ್ತ, ಪರೀಕ್ಷೆಗಳು, ನಾರ್ಮಲ್ ಆದರೆ 3 ದಿನ, ಸಿಜೇರಿಯನ್ ಆದರೆ 7 ದಿನದ ಊಟ ಎಲ್ಲವೂ ಇದರಲ್ಲೇ ಸೇರಿದೆ. ಕರೆತರಲು 108, ಮನೆಗೆ ಬಿಡಲು ‘ನಗು-ಮಗು’ ವಾಹನ. ಹುಷಾರಿಲ್ಲದ ಮಗುವಿನ ಚಿಕಿತ್ಸೆಗೂ ಒಂದು ವರ್ಷದವರೆಗೆ ಇದೇ ನಿಯಮ. ಎಪಿಎಲ್, ಬಿಪಿಎಲ್ ಭೇದವಿಲ್ಲ.

ಹೀಗಿದ್ದರೂ ಕೈಯಿಂದ ಖರ್ಚಾಗುತ್ತದೆ. ಒಂದು, ಹೊರಗಿನ ಮೆಡಿಕಲ್ ಶಾಪಿಗೆ ಬರೆದುಕೊಡುವ ಚೀಟಿ. ಚೀಟಿ ಬಂದಾಗ ‘ಇದು ಒಳಗೆ ಸ್ಟಾಕ್ ಇಲ್ಲವೆಂದು ಬರೆದುಕೊಡಿ’ ಎಂದು ವಿನಯವಾಗಿ ಕೇಳಿ. ಎಷ್ಟೋ ಸಲ ಔಷಧ ಒಳಗೇ ಸಿಕ್ಕಿಬಿಡುತ್ತದೆ. ಇನ್ನೊಂದು, ಮಗುವನ್ನು ತೋರಿಸುವಾಗ ‘ಖುಷಿಗೆ ಏನಾದ್ರೂ ಕೊಡಿ’ ಎಂದು ಚಾಚುವ ಕೈ. ಅದು ಲಂಚವೇ. ವೈದ್ಯಕೀಯ ಅಧೀಕ್ಷಕರಿಗೆ ಬರೆದು ಕೊಡಿ, ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಒಬ್ಬರು ಐನೂರು ಕೊಟ್ಟರೆ ಪಕ್ಕದ ಹಾಸಿಗೆಯವರೂ ಕೊಡಬೇಕಾಗುತ್ತದೆ.

ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಜನನಿ ಸುರಕ್ಷಾ ಎಂಬ ಇನ್ನೊಂದು ಯೋಜನೆಯಡಿ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ ಬರುತ್ತದೆ. ಸಣ್ಣ ಮೊತ್ತ. ಡಿಸ್ಚಾರ್ಜ್ ಆಗುವಾಗಲೇ ತಾಯಿ ಕಾರ್ಡ್ ಮತ್ತು ಪಾಸ್‌ಬುಕ್ ಪ್ರತಿ ಕೊಟ್ಟುಬಿಡಿ, ಆಮೇಲೆ ಇದಕ್ಕಾಗಿ ಓಡಾಡಿದರೆ ಬಸ್ ಚಾರ್ಜಿಗೇ ಖರ್ಚಾದೀತು.

ಆಯುಷ್ಮಾನ್ ಕಾರ್ಡ್ ಹಿಡಿದು ಖಾಸಗಿಗೆ ಹೋದರೆ?

ಹೆಚ್ಚಿನ ಗೊಂದಲ ಇಲ್ಲಿಯೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷದವರೆಗೆ ನೆರವಿದೆ. ಹಾಗೆಂದು ಇಷ್ಟವಾದ ನರ್ಸಿಂಗ್ ಹೋಮಿಗೆ ನೇರವಾಗಿ ಹೋಗಿ ಉಚಿತ ಹೆರಿಗೆ ಮಾಡಿಸಿಕೊಳ್ಳಲು ಬರುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆಗೆ ಸೌಲಭ್ಯವಿಲ್ಲದಿದ್ದರೆ ಅವರು ರೆಫರಲ್ ಪತ್ರ ಕೊಟ್ಟು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ತುರ್ತು ಸ್ಥಿತಿಗೆ ಮಾತ್ರ ವಿನಾಯಿತಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅವಳಿ ಮಕ್ಕಳು, ಹಿಂದಿನ ಸಿಜೇರಿಯನ್ ಇದ್ದರೆ ಏಳನೇ ತಿಂಗಳಲ್ಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ದಾಖಲೆ ಮಾಡಿಸಿಟ್ಟರೆ ರೆಫರಲ್ ಸಲೀಸು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್ ಇಂಥ ಕಷ್ಟದ ಹೆರಿಗೆಗಳನ್ನು ದಿನವೂ ನೋಡುವ ಸರ್ಕಾರಿ ಆಸ್ಪತ್ರೆಗಳು.

ಖಾಸಗಿ ಆಸ್ಪತ್ರೆ: ಪ್ಯಾಕೇಜಿನ ಹೊರಗೆ ಏನಿದೆ

ಆರನೇ ತಿಂಗಳಲ್ಲಿ ಬಿಲ್ಲಿಂಗ್ ಕೌಂಟರ್‌ಗೆ ಹೋಗಿ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಕೇಳಿ. ವೈದ್ಯರನ್ನು ಕೇಳಿದರೆ ‘ನೋಡೋಣಮ್ಮ’ ಎಂದಷ್ಟೇ ಬರುತ್ತದೆ. ‘ನಾರ್ಮಲ್ ಇಷ್ಟು, ಸಿಸೇರಿಯನ್ ಇಷ್ಟು’ ಎಂಬ ಎರಡು ಅಂಕಿ ಸಾಲದು. ಎಷ್ಟು ದಿನದ ವಾಸ್ತವ್ಯ, ನಾರ್ಮಲ್‌ಗೆ ಕಾದು ಕೊನೆಗೆ ಸಿಸೇರಿಯನ್ ಆದರೆ ಎರಡರ ಶುಲ್ಕವೂ ಬೀಳುತ್ತದೆಯೇ, ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಚುಚ್ಚುಮದ್ದು), ಅರಿವಳಿಕೆ ತಜ್ಞರು, ಮಕ್ಕಳ ತಜ್ಞರ ಭೇಟಿ, ಮಗುವಿನ ಮೊದಲ ಲಸಿಕೆಗಳು, ಕಿವಿ ಪರೀಕ್ಷೆ, ಕಾಮಾಲೆಯ ನೀಲಿ ಬೆಳಕಿನ ಚಿಕಿತ್ಸೆ ಒಳಗೆ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ. ಮಗುವಿನ ಐಸಿಯು ಸಾಮಾನ್ಯವಾಗಿ ಯಾವ ಪ್ಯಾಕೇಜಿನಲ್ಲೂ ಇರುವುದಿಲ್ಲ. ದಿನದ ದರ ಬೇರೆಯೇ ಕೇಳಬೇಕು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಬಂದರೆ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡಬೇಕು. ಅದಕ್ಕೆ ಕೆಲವು ಸಾವಿರ ಬೇರೆ ಎತ್ತಿಡಿ.

ವಿಮೆ ಇದೆ ಎಂದು ನಿಶ್ಚಿಂತರಾಗುವವರೇ ಹೆಚ್ಚು ಪೆಟ್ಟು ತಿನ್ನುವುದು. ಸ್ವಂತ ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿ ಇರುತ್ತದೆ, ಹಲವದರಲ್ಲಿ ಎರಡರಿಂದ ನಾಲ್ಕು ವರ್ಷ. ಕಂಪನಿ ಕೊಡುವ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಸಿಗುತ್ತದೆ, ಆದರೆ ಹೆರಿಗೆಗೆ ಪ್ರತ್ಯೇಕ ಮಿತಿ ಇರುತ್ತದೆ. ಜೊತೆಗೆ ಕೋಣೆ ಬಾಡಿಗೆಯ ಮಿತಿ. ಅದರ ಏಟು ಹೇಗೆ ಬೀಳುತ್ತದೆ ನೋಡಿ. ಹೆರಿಗೆ ಮಿತಿ 1 ಲಕ್ಷ, ಕೋಣೆ ಮಿತಿ ದಿನಕ್ಕೆ 4,000 ಎಂದಿಟ್ಟುಕೊಳ್ಳಿ. ನೀವು 8,000ದ ಕೋಣೆಯಲ್ಲಿ 4 ದಿನ ಇದ್ದಿರಿ. ಬಾಡಿಗೆ 32,000, ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್ 60,000, ಔಷಧ ಮತ್ತು ಪರೀಕ್ಷೆ 28,000, ಒಟ್ಟು 1,20,000. ದುಪ್ಪಟ್ಟು ಬಾಡಿಗೆಯ ಕೋಣೆ ಹಿಡಿದದ್ದಕ್ಕೆ ಬಾಡಿಗೆಯ ಜೊತೆಗೆ ಆ 60,000 ಕೂಡ ಅರ್ಧವಾಗುತ್ತದೆ. ವಿಮೆ ಕೊಡುವುದು 16,000, 30,000, 28,000 ಸೇರಿ 74,000. ನಿಮ್ಮ ಕೈಯಿಂದ 46,000. ಮಿತಿಯೊಳಗಿನ ಕೋಣೆಯಲ್ಲಿದ್ದು ಉಳಿದ ದರಗಳು ಅಷ್ಟೇ ಇದ್ದರೆ ಕೈಯಿಂದ ಹೋಗುತ್ತಿದ್ದುದು 4,000. ದಿನಕ್ಕೆ 5,000 ದಾಟಿದ ಕೋಣೆಗೆ ಶೇ 5 ಜಿಎಸ್‌ಟಿ ಬೇರೆ.

ಡಿಸ್ಚಾರ್ಜ್ ದಿನ ಐಟಂವಾರು ಬಿಲ್ ಕೇಳಿ ಪಡೆಯಿರಿ. ದರಪಟ್ಟಿ ಪ್ರದರ್ಶಿಸುವುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು. ನಗದುರಹಿತ ವಿಮೆಯಲ್ಲಿ ಅಂತಿಮ ಒಪ್ಪಿಗೆಯನ್ನು ಕಂಪನಿ 3 ಗಂಟೆಯೊಳಗೆ ಕೊಡಬೇಕೆಂಬುದು ವಿಮಾ ನಿಯಂತ್ರಕರ 2024ರ ಸೂಚನೆ. ಮಗುವನ್ನು ಪಾಲಿಸಿಗೆ ಸೇರಿಸಲು ಎಷ್ಟು ದಿನ ಎಂದು ಅಂದೇ ವಿಚಾರಿಸಿಕೊಳ್ಳಿ.

ದುಡಿಯುವ ತಾಯಿಗೆ

ತಿಂಗಳ ವೇತನ 21,000 ಅಥವಾ ಅದಕ್ಕಿಂತ ಕಡಿಮೆ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ 26 ವಾರದ ಪೂರ್ತಿ ವೇತನವನ್ನು ಇಎಸ್‌ಐ ಕೊಡುತ್ತದೆ. ಹೆರಿಗೆಯೂ ಅವರ ಆಸ್ಪತ್ರೆಯಲ್ಲಿ ಉಚಿತ. ಷರತ್ತು ಒಂದೇ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ. ಈ ಅವಧಿಗಳ ಲೆಕ್ಕವೇ ತಲೆ ತಿನ್ನುವುದು. ಹೆರಿಗೆ ಜನವರಿಯಿಂದ ಜೂನ್ ಒಳಗೆ ಇದ್ದರೆ ಹಿಂದಿನ ವರ್ಷದ ಸೆಪ್ಟೆಂಬರ್ 30ರವರೆಗಿನ ಒಂದು ವರ್ಷವನ್ನು ನೋಡುತ್ತಾರೆ. ನವೆಂಬರ್‌ನಲ್ಲಿ ಮೊದಲ ಸಲ ಗಾರ್ಮೆಂಟ್ಸ್ ಸೇರಿ ಮೇ ತಿಂಗಳಲ್ಲಿ ಹೆತ್ತವರಿಗೆ, ಆರು ತಿಂಗಳು ದುಡ್ಡು ಕಟ್ಟಿದ್ದರೂ, ಈ ವೇತನ ಸಿಗದು. ಇಎಸ್‌ಐ ಇರುವ ಗಂಡನ ಹೆಂಡತಿಗೂ ಆಸ್ಪತ್ರೆ ಸೌಲಭ್ಯವಿದೆ, ವೇತನ ಮಾತ್ರ ಇಲ್ಲ.

ಇಎಸ್‌ಐ ಮಿತಿ ದಾಟಿದವರಿಗೆ ರಜೆಯ ವೇತನವನ್ನು ಮಾಲೀಕರೇ ಕೊಡಬೇಕು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಗರಿಷ್ಠ 8 ವಾರ ಹೆರಿಗೆಗೆ ಮುಂಚೆ. ಮೂರನೆಯದಕ್ಕೆ 12 ವಾರ. ಕಂಪನಿಯಿಂದ ಉಚಿತ ವೈದ್ಯಕೀಯ ಆರೈಕೆ ಇಲ್ಲದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್, ಇದನ್ನು ಕೇಳುವವರೇ ಕಡಿಮೆ. ಗುತ್ತಿಗೆ ನೌಕರರಿಗೂ ಹಕ್ಕಿದೆ. ರಜೆಯ ಅರ್ಜಿಯನ್ನು ಇ-ಮೇಲ್‌ನಲ್ಲಿ ಕೊಡಿ, ಬಾಯಿಮಾತಿನಲ್ಲಿ ಬೇಡ.

ಕಟ್ಟಡ ಕಾರ್ಮಿಕ ಮಂಡಳಿಯಲ್ಲಿ ನೋಂದಾಯಿತ ಮಹಿಳೆಗೆ ಮೊದಲ ಎರಡು ಮಕ್ಕಳಿಗೆ ತಲಾ 50,000 ರೂಪಾಯಿಯ ತಾಯಿ ಲಕ್ಷ್ಮಿ ಬಾಂಡ್ ಇದೆ. ಇದು ದೊಡ್ಡ ನೆರವು. ಕಾರ್ಡ್ ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ ಸಿಗದು. ಇಟ್ಟಿಗೆ, ಗಾರೆ ಹೊರುವ ಹೆಣ್ಣುಮಗಳು ತನ್ನ ಹೆಸರಲ್ಲೇ, 90 ದಿನದ ಕೆಲಸದ ದಾಖಲೆ ಕೊಟ್ಟು, ಕಾರ್ಡ್ ಮಾಡಿಸಿರಬೇಕು. ಕಾರ್ಡ್ ನವೀಕರಣ ತಪ್ಪಿಸಬೇಡಿ, ಅರ್ಜಿ ಹೆರಿಗೆಯಾದ 6 ತಿಂಗಳೊಳಗೆ ಹೋಗಲಿ.

ಮಗು ಬಂದ ಮೇಲೆ

21 ದಿನದೊಳಗೆ ಜನನ ನೋಂದಣಿ ಉಚಿತ. ಆಸ್ಪತ್ರೆ ತಾನೇ ಕಳಿಸುತ್ತದೆ, ಆದರೆ ತಂದೆ ತಾಯಿಯ ಹೆಸರಿನ ಕಾಗುಣಿತ ತಪ್ಪುವುದು ಆ ಫಾರಂನಲ್ಲೇ. ಡಿಸ್ಚಾರ್ಜಿಗೆ ಮುಂಚೆ ಆಧಾರ್ ಪಕ್ಕದಲ್ಲಿಟ್ಟು ಓದಿ. ಮಗುವಿನ ಹೆಸರು ನಿಶ್ಚಯವಾಗದಿದ್ದರೆ ಖಾಲಿ ಬಿಡಿ, ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನ್ಮದಿನಾಂಕಕ್ಕೆ ಈ ಪ್ರಮಾಣಪತ್ರವೇ ದಾಖಲೆ, ಶಾಲೆಯ ಟಿ.ಸಿ. ನಡೆಯದು.

ಬಿಪಿಎಲ್ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಭಾಗ್ಯಲಕ್ಷ್ಮಿ ಯೋಜನೆಯಡಿ ಸುಕನ್ಯಾ ಸಮೃದ್ಧಿ ಖಾತೆಗೆ ರಾಜ್ಯ ಸರ್ಕಾರ ವರ್ಷಕ್ಕೆ 3,000ದಂತೆ 15 ವರ್ಷ ಕಟ್ಟುತ್ತದೆ, ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ. ಒಂದು ಮಗುವಿಗೆ ಒಂದೇ ಸುಕನ್ಯಾ ಖಾತೆ ಎಂಬ ನಿಯಮವಿದೆ. ಹೀಗಾಗಿ ಬಿಪಿಎಲ್‌ನವರು ಅಂಚೆ ಕಚೇರಿಗೆ ಹೋಗಿ ತಾವೇ ಖಾತೆ ತೆರೆಯುವ ಮೊದಲು ಅಂಗನವಾಡಿಯಲ್ಲಿ ಅರ್ಜಿ ಹಾಕಲಿ. ಜನನ ಪ್ರಮಾಣಪತ್ರ, ರೇಷನ್ ಕಾರ್ಡ್, ತಂದೆ ತಾಯಿಯ ಆಧಾರ್ ಸಾಕು. ಮೊದಲ ಹುಟ್ಟುಹಬ್ಬದೊಳಗೆ ಮುಗಿಸಿ. 14ನೇ ವಾರದ ಲಸಿಕೆ ಹಾಕಿಸಿದ ದಿನವೇ ಮಾತೃವಂದನೆಯ ಎರಡನೇ ಕಂತಿನ ಅರ್ಜಿಯನ್ನೂ ಕೊಟ್ಟರೆ ಅಂಗನವಾಡಿಗೆ ಒಂದು ಓಡಾಟ ಉಳಿಯುತ್ತದೆ.