ಕಥೆ ಅವಳದ್ದು, ಹೇಳೋದು ಜೊತೆಗೆ ಹೋದವರು

ನಿಮ್ಮ ಅನುಭವ ಹೇಳಿ ಅಂದರೆ ನಮ್ಮ ಕಡೆ ಹೆಂಗಸರು ಮೊದಲು ಬಾಗಿಲ ಕಡೆ ನೋಡುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ ಕಡೆಯ ಸ್ವಸಹಾಯ ಸಂಘಗಳಲ್ಲಿ ಹೆರಿಗೆ, ಗರ್ಭನಿರೋಧಕ, ಗರ್ಭಪಾತದ ಬಗ್ಗೆ ಮಾತಾಡಿಸುವ ಕೆಲಸ ನನ್ನದು. ಹೆಸರು ಬದಲಾಯಿಸಿ ಕಥೆ ಹೇಳಿದರೆ ಸಾಕು ಅಂತ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಪೇಟೆಯಲ್ಲಿ ನಡೆಯಬಹುದೇನೋ. ಇಲ್ಲಿ ‘ಮೀನು ಮಾರುವವಳು, ಗಂಡ ಮಲ್ಪೆ ಬೋಟಿನಲ್ಲಿ, ಎರಡೂ ಹೆಣ್ಣುಮಕ್ಕಳು’ ಅಂದರೆ ಮುಗಿಯಿತು, ಮನೆ ಯಾವುದು ಅಂತ ಇಡೀ ಕೇರಿಗೆ ಗೊತ್ತು.

ಹಾಗಾಗಿ ನಾನು ಹಿಡಿದಿದ್ದು ಬೇರೆ ದಾರಿ. ಅವಳನ್ನು ಕೇಳುವ ಬದಲು ಜೊತೆಗೆ ಹೋದವರನ್ನು ಕೇಳಿದೆ. ಅತ್ತೆ, ಅಣ್ಣ, ರಿಕ್ಷಾದವನು, ಆಶಾ ಕಾರ್ಯಕರ್ತೆ. ಅದಕ್ಕೂ ಮೊದಲು ಅವಳ ಒಪ್ಪಿಗೆ ಬೇಕು, ಅದೂ ಎರಡು ಸಲ. ಮೊದಲು ಮನೆಯಲ್ಲಿ, ಆಮೇಲೆ ಸಭೆಯ ಹಿಂದಿನ ದಿನ. ಎರಡನೇ ಸಲ ಬೇಡ ಅಂದವರು ಸುಮಾರು ಜನ ಇದ್ದಾರೆ. ಬೇಡ ಅಂದರೆ ಬೇಡ, ಯಾಕೆ ಅಂತಲೂ ಕೇಳುವುದಿಲ್ಲ.

ಜೊತೆಗೆ ಹೋದವರು ಹೊಟ್ಟೆಯ ವಿಷಯ ಹೇಳುವುದಿಲ್ಲ, ದಾರಿಯ ವಿಷಯ ಹೇಳುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ಹೊರಟಿದ್ದು, ದೇವಿಮನೆ ಘಟ್ಟದಲ್ಲಿ ಎಲ್ಲಿ ಗಾಡಿ ನಿಂತಿದ್ದು, ಇಲ್ಲಿ ಆಗುವುದಿಲ್ಲ ಮಣಿಪಾಲಕ್ಕೆ ಒಯ್ಯಿರಿ ಅಂದಾಗ ಕೈಯಲ್ಲಿ ಎಷ್ಟು ದುಡ್ಡಿತ್ತು, ಯಾರ ಬಳೆ ಅಡವಿಗೆ ಹೋಯಿತು. ಇದನ್ನು ಕೇಳಿ ನಾಚಿಕೊಳ್ಳುವವರು ಯಾರೂ ಇಲ್ಲ. ಗಂಡಸರೂ ಕಿವಿ ಕೊಟ್ಟು ಕೇಳುತ್ತಾರೆ, ಯಾಕೆಂದರೆ ಆ ದಾರಿ ಎಲ್ಲರಿಗೂ ಗೊತ್ತು. ಕಾರವಾರದವರು ಗೋವಾದ ಬಾಂಬೋಳಿ ಆಸ್ಪತ್ರೆಗೆ, ಭಟ್ಕಳ-ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ ಓಡುವುದು ಹೊಸತಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿ ಜನ ಸತ್ತಮೇಲೆ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಎಷ್ಟು ಜೋರಾಯಿತು ಅಂತ ನೆನಪಿದೆ ಅಲ್ವಾ. ಆ ಸಿಟ್ಟು ಮೊದಲೇ ಇತ್ತು. ಅದರೊಳಗೆ ಬಸುರಿ-ಬಾಣಂತಿಯರೂ ಇದ್ದಾರೆ ಅಂತ ತೋರಿಸುವುದಷ್ಟೇ ನನ್ನ ಪಾಲಿನ ಕೆಲಸ.

ಒಬ್ಬ ಅತ್ತೆ ಒಮ್ಮೆ ಹೇಳಿದ್ದು: ಸೊಸೆಗೆ ಬಸುರು ತಡೆಯುವ ಅಂತರಾ ಚುಚ್ಚುಮದ್ದು ಕೊಡಿಸಲು ಹೋದರೆ ಮದ್ದು ಮುಗಿದಿದೆ ಅಂದರಂತೆ, ಮುಂದಿನ ವಾರವೂ ಅದೇ ಮಾತು. ಮೂರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕಾದ ಮದ್ದು ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಬೇಕಾದದ್ದು. “ಬಸ್ ಚಾರ್ಜ್ ಯಾರು ಕೊಡ್ತಾರೆ, ನೀವಾ?” ಅಂತ ಪಂಚಾಯ್ತಿ ಸದಸ್ಯನ ಮುಖ ನೋಡಿಯೇ ಕೇಳಿದಳು. ಅವನಿಗೆ ಅಂತರಾ ಅಂದರೆ ಏನು ಅಂತ ಗೊತ್ತಾಗಿದ್ದೇ ಆವತ್ತು. ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಮದ್ದಿನ ವಿಷಯ ಠರಾವಿಗೆ ಬಂತು. ಅಂಕಿಅಂಶದ ಚಾರ್ಟ್ ತೋರಿಸಿ ಇಷ್ಟು ಕೆಲಸ ಮಾಡಿಸಲು ನನ್ನಿಂದ ಆಗುತ್ತಿರಲಿಲ್ಲ.

ಗರ್ಭಪಾತದ ವಿಷಯ ಮಾತ್ರ ಬೇರೆ. ಅಲ್ಲಿ ಯಾರ ನಿಜವಾದ ಕಥೆಯನ್ನೂ ಸಭೆಗೆ ತರುವುದಿಲ್ಲ, ಜೊತೆಗೆ ಹೋದವರ ಬಾಯಿಂದಲೂ ಇಲ್ಲ. ನಾವೇ ಕೂತು ಒಂದು ಕಥೆ ಕಟ್ಟುತ್ತೇವೆ, ಕಟ್ಟಿದ್ದು ಅಂತ ಮೊದಲೇ ಹೇಳಿಬಿಡುತ್ತೇವೆ. ವೇಷವಿಲ್ಲದೆ ಕೂತಲ್ಲೇ ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ತಾಳಮದ್ದಲೆ ಕೇಳಿ ಬೆಳೆದ ಊರುಗಳಲ್ಲವೇ, ಒಬ್ಬಳು ಅತ್ತೆಯ ಅರ್ಥ ಹೇಳುತ್ತಾಳೆ, ಇನ್ನೊಬ್ಬಳು ಡಾಕ್ಟರಮ್ಮನದು, ಸಭೆಯವರು ನಡುವೆ ಬಾಯಿ ಹಾಕುತ್ತಾರೆ. ಡಾಕ್ಟರಮ್ಮ ಗಂಡನ ಸಹಿ ತನ್ನಿ ಅಂದ ಕೂಡಲೇ ಕಥೆ ನಿಲ್ಲಿಸಿ, ಅದು ಸರಿಯಾ ಅಂತ ಕೇಳುತ್ತೇವೆ. ಹೆಚ್ಚಿನವರು ಸರಿ ಅನ್ನುತ್ತಾರೆ! ಆಗ ಕಾನೂನು ಹೇಳಲು ಜಾಗ ಸಿಗುತ್ತದೆ. 1971ರಿಂದ ಇದಕ್ಕೆ ಕಾಯ್ದೆ ಇದೆ. 18 ತುಂಬಿದವಳಿಗೆ ಅವಳ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. 2021ರ ತಿದ್ದುಪಡಿ ಆದಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದು. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇದನ್ನೇ ಭಾಷಣ ಮಾಡಿದ್ದರೆ ಅರ್ಧ ಜನ ಎದ್ದು ಹೋಗುತ್ತಿದ್ದರು.

ಇನ್ನೊಂದು ಮಾತು, ಸಭೆಯಲ್ಲಿ ಮೊಬೈಲ್ ರೆಕಾರ್ಡಿಂಗ್ ಇಲ್ಲ. ವರದಿಗೆ ಫೋಟೋ ಬೇಕು ಅನ್ನುವವರಿಗೆ ಚಪ್ಪಲಿ ಸಾಲಿನ ಫೋಟೋ ಕಳಿಸುತ್ತೇನೆ.

ಗಂಡಸರನ್ನು ಕೂರಿಸಲು ಒಳ್ಳೆಯ ಹೊತ್ತೆಂದರೆ ಜೂನ್, ಜುಲೈ. ಮೀನುಗಾರಿಕೆ ಬಂದ್ ಇರುತ್ತದೆ, ಬೋಟು ದಡದಲ್ಲಿ, ಬಲೆ ಹೊಲಿಯುತ್ತಾ ಮಾತು ಕೇಳುತ್ತಾರೆ. ಈ ಮಳೆಗಾಲಕ್ಕೆ ವ್ಯಾಸೆಕ್ಟಮಿ, ಅಂದರೆ ಗಂಡಸರ ಮಕ್ಕಳಾಗದ ಆಪರೇಷನ್ ವಿಷಯ ಎತ್ತಬೇಕು ಅಂತಿದ್ದೇನೆ. ಆಪರೇಷನ್ ಮಾಡಿಸಿಕೊಂಡವನೊಬ್ಬ ತಾನೇ ಬಂದು ಹೇಳುತ್ತೇನೆ ಅಂದಿದ್ದಾನೆ. ಅವನ ಹೆಂಡತಿ ಮಾತ್ರ ಇನ್ನೂ ಒಪ್ಪಿಲ್ಲ.