ಪೆಟ್ರೋಲ್, ಡೀಸೆಲ್ ಮುಟ್ಟುವ ಕೈಗೆ ಎಂಥ ಗ್ಲೌಸ್ ಬೇಕು?

ಮುಂಬೈನ ಕುರ್ಲಾದಲ್ಲಿ ನಾನು ಡೀಸೆಲ್ ಜನರೇಟರ್ ರಿಪೇರಿ ಮಾಡುತ್ತೇನೆ. ಕಲಬುರಗಿ, ವಿಜಯಪುರ ಕಡೆಯಿಂದ ಕೆಲಸ ಕಲಿಯಲು ಬರುವ ಹುಡುಗರು ಬಿಳಿ ಹತ್ತಿ ಗ್ಲೌಸ್ ಹಾಕಿಕೊಂಡೇ ನಿಲ್ಲುತ್ತಾರೆ. ಮೊದಲು ಅದನ್ನು ತೆಗೆಸುತ್ತೇನೆ. ಹತ್ತಿಯಾಗಲಿ, ಲೆದರ್ ಆಗಲಿ, ಡೀಸೆಲ್ ಹೀರಿಕೊಂಡು ಕೈಗೇ ಅಂಟಿಸಿ ಇಡುತ್ತದೆ. ಬರಿಗೈಯಾದರೆ ಕೂಡಲೇ ಸೋಪು ಹಾಕಿ ತೊಳೆಯಬಹುದು, ಅಲ್ವಾ? ಒದ್ದೆ ಬಟ್ಟೆಯೊಳಗೆ ಗಂಟೆಗಟ್ಟಲೆ ನೆಂದ ಕೈ ಒಡೆಯುತ್ತದೆ, ಕೆರೆತ ಶುರುವಾಗುತ್ತದೆ.

ಇಂಧನಕ್ಕೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್ ಕೊಳ್ಳಿ. ಲೇಟೆಕ್ಸ್, ಅಂದರೆ ಸಹಜ ರಬ್ಬರಿನದು, ಬೇಡ, ಪೆಟ್ರೋಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಮುಂಬೈನ ಹಾರ್ಡ್‌ವೇರ್ ಮಾರ್ಕೆಟ್ ನಾಗದೇವಿ ಸ್ಟ್ರೀಟಿನಲ್ಲಿ ಸುಮ್ನೆ ‘ನೈಟ್ರೈಲ್’ ಅಂತ ಕೇಳಿದರೆ ಅಂಗೈಗೆ ಮಾತ್ರ ಲೇಪ ಇರುವುದೂ ಕೈಗೆ ಬರಬಹುದು. ಅದರ ಹಿಂಬದಿ ಬರೀ ನೂಲಿನ ಹೆಣಿಗೆ. ಸ್ಪ್ಯಾನರ್ ಹಿಡಿಯಲು ಚೆನ್ನ, ಟ್ಯಾಂಕಿಗೆ ಕೈ ಹಾಕಲು ಅಲ್ಲ. ಪೂರ್ತಿ ನೈಟ್ರೈಲ್ ಇರುವುದನ್ನೇ ಕೇಳಿ.

ಪ್ಯಾಕೆಟ್ ಮೇಲೆ ಇಎನ್ ಐಎಸ್‌ಒ 374-1 (EN ISO 374-1) ಎಂದು ಇದೆಯೇ ನೋಡಿ, ಅದು ರಾಸಾಯನಿಕ ತಡೆಯುವ ಗ್ಲೌಸಿನ ಮಾನದಂಡ. ಪಕ್ಕದಲ್ಲಿ ಫ್ಲಾಸ್ಕ್ ಚಿತ್ರ, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ‘ಜೆ’ (J) ಇರಲೇಬೇಕು. ಅದು ಹೆಪ್ಟೇನ್ ಪರೀಕ್ಷೆಯ ಗುರುತು, ಪೆಟ್ರೋಲ್ ಜಾತಿಯದ್ದೇ ದ್ರವ. ಟೈಪ್ ಎ ಅಥವಾ ಬಿ ಆದರೆ ಲ್ಯಾಬಿನಲ್ಲಿ ಕನಿಷ್ಠ 30 ನಿಮಿಷ ತಡೆದಿದೆ ಎಂದರ್ಥ. ಟೈಪ್ ಸಿ ಆದರೆ ಯಾವುದೋ ಒಂದು ರಾಸಾಯನಿಕಕ್ಕೆ 10 ನಿಮಿಷ ಅಷ್ಟೇ, ಚಿತ್ರದ ಕೆಳಗೆ ಅಕ್ಷರವೂ ಇರುವುದಿಲ್ಲ. ಪೆಟ್ರೋಲಿನಲ್ಲಿ ಟಾಲ್ವೀನ್, ಎಥನಾಲ್ ಕೂಡ ಇರುವುದರಿಂದ ಆ ನಿಮಿಷಗಳನ್ನೇ ಪೂರ್ತಿ ನಂಬಬೇಡಿ. ಉಬ್ಬಿದ, ಜಿಗುಟಾದ ಗ್ಲೌಸನ್ನು ಎಸೆಯಿರಿ.

ಫಿಲ್ಟರ್ ಬದಲಿಸಲು 0.1 ಮಿಲಿಮೀಟರಿನ ತೆಳು ಗ್ಲೌಸ್ ಸಾಕು, ಅದರ ಮೇಲೆ ಇಂಧನ ತೊಟ್ಟಿಕ್ಕಿದ ಕೂಡಲೇ ಬದಲಿಸಬೇಕು. ಟ್ಯಾಂಕ್ ತೊಳೆಯಲು ಸುಮಾರು 0.38 ಮಿಲಿಮೀಟರ್ ದಪ್ಪ, 33 ಸೆಂಟಿಮೀಟರ್ ಉದ್ದದ್ದು ಬೇಕು. ಸೈಜ್ ತಿಳಿಯಲು ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಅಳತೆ ಟೇಪ್ ಹಿಡಿಯಿರಿ. 8 ಇಂಚು ಬಂದರೆ ಸೈಜ್ 8. ಮುಂಬೈ ಬೆವರಿಗೆ ಬಿಗಿ ಗ್ಲೌಸ್ ಹಾಕಿದರೆ ಹುಡುಗರು ಅರ್ಧ ಕೆಲಸದಲ್ಲೇ ಕಿತ್ತು ಬಿಸಾಡುತ್ತಾರೆ. ಪೆಟ್ರೋಲ್ ಡಬ್ಬಿ ತೆರೆದಿದ್ದಾಗ ಅದರ ಪಕ್ಕದಲ್ಲಿ ಗ್ಲೌಸ್ ಕಳಚಬೇಡಿ, ಸ್ಟ್ಯಾಟಿಕ್ ಕಿಡಿ ಹಾರಬಹುದು.

ಒಂದು ಕೆಲಸಕ್ಕೆ ಮಾತ್ರ ಯಾವ ಗ್ಲೌಸೂ ಆಗದು. ಇಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ (ಇಂಜಿನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗಕ್ಕೆ ಹೋಗುವ ಪೈಪು) ಸೋರಿಕೆಯನ್ನು ಕೈಯಿಂದ ಹುಡುಕಲೇಬೇಡಿ. ಆ ಒತ್ತಡದ ಡೀಸೆಲ್ ಗ್ಲೌಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಹಾಗೆ ಡೀಸೆಲ್ ತೂರಿದರೆ, ಚರ್ಮದ ಮೇಲಿನ ತೂತು ಸೂಜಿಮೊನೆಯಷ್ಟೇ ಇದ್ದರೂ, ನೋವೇ ಇಲ್ಲದಿದ್ದರೂ, ನೇರ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.