ಮಳೆ ನಿಂತ ಮೇಲೆ ಮಣ್ಣಿನ ಟೆನಿಸ್ ಕೋರ್ಟ್ ಹದ ಮಾಡುವುದು ಹೇಗೆ?

ಧಾರವಾಡದ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬೇಗ ಬಿಡುವುದಿಲ್ಲ. ದಸರಾ ಮುಗಿಸಿ ರ್‍ಯಾಕೆಟ್ ಹಿಡಿದು ಬಂದರೆ ಕಾಲೇಜಿನ ಮಣ್ಣಿನ ಕೋರ್ಟ್ ತುಂಬ ಗರಿಕೆ, ಬೇಸ್‌ಲೈನ್ (ಕೋರ್ಟಿನ ತುದಿಯ ಗೆರೆ) ಹಿಂದೆ ಗುಂಡಿ. ಓದುವಾಗ ಅಂಥ ಗುಂಡಿಯಲ್ಲೇ ಪಾದ ಹೊರಳಿ ನಾನು ಒಂದಿಡೀ ಸೀಸನ್ ಕಳೆದುಕೊಂಡೆ. ಏಳೆಂಟು ಹುಡುಗರು ಸೇರಿದರೆ ಒಂದು ವಾರದ ಕೆಲಸ ಇದು.

ಮೊದಲು ಗರಿಕೆಯನ್ನು ಬೇರು ಸಮೇತ ಕೀಳಿ. ಪಾಚಿ ಕಟ್ಟಿದ ಮಣ್ಣನ್ನು ಕೆರೆದು ಹೊರಗೆ ಹಾಕಿ. ಆಮೇಲೆ ಅಲ್ಲಲ್ಲಿ ಒಂದೊಂದು ಕೊಡ ನೀರು ಸುರಿದು ನೋಡಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸುಣ್ಣದ ಗುರುತು ಹಾಕಿ. ಕೋರ್ಟ್ ಒಂದೇ ಕಡೆಗೆ ಇಳಿಜಾರಿರಬೇಕು, 30 ಅಡಿಗೆ 1 ಇಂಚು ಸಾಕು.

ಗುಂಡಿ ತುಂಬುವಾಗಲೇ ಜಾಸ್ತಿ ಜನ ತಪ್ಪುವುದು. ಹುಬ್ಬಳ್ಳಿ, ಗದಗ ಕಡೆ ಎರೆಮಣ್ಣು ಸುಲಭವಾಗಿ ಸಿಗುತ್ತದೆ ಅಂತ ಸುಮ್ನೆ ಅದನ್ನು ಸುರಿಯಬೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಕೆಂಪು ಮಸಾರಿ ಮಣ್ಣು ತರಿಸಿ, ಜರಡಿ ಹಿಡಿಯಿರಿ. ಗುಂಡಿಯ ತಳ, ಅಂಚು ಎರಡನ್ನೂ ಕೆದರಿ ನೀರು ಚಿಮುಕಿಸಿ. ಎರಡು ಬೆರಳು ದಪ್ಪ ಮಣ್ಣು ಹಾಕಿ ದಿಮ್ಮಸು ಹೊಡೆಯಿರಿ. ಅದರ ಮೇಲೆ ಇನ್ನೊಂದು ಪದರ. ಹಳೇ ಮಣ್ಣು ಕೆದರದೆ ಹಾಗೇ ಮೆತ್ತಿದರೆ ನಾಲ್ಕು ದಿನಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಇನ್ನು ರೋಲರ್. ಕೋರ್ಟಿನ ಜೀವ ಇರುವುದೇ ಇಲ್ಲಿ. ಸಂಜೆ ಇಡೀ ಕೋರ್ಟಿಗೆ ನೀರುಣಿಸಿ, ಬೆಳಿಗ್ಗೆ ಒಂದು ಹಿಡಿ ಮಣ್ಣು ಹಿಸುಕಿ ನೋಡಿ. ಉಂಡೆ ಆಗಬೇಕು, ಅಂಗೈಗೆ ಅಂಟಬಾರದು. ಅದೇ ಹದ. ರೋಲರಿಗೆ ಮಣ್ಣು ಮೆತ್ತತೊಡಗಿದರೆ ಅಲ್ಲೇ ನಿಲ್ಲಿಸಿ, ಒಂದು ತಾಸು ಬಿಸಿಲು ಬೀಳಲಿ. ಪೂರ್ತಿ ಒಣಗಿದ ಮೇಲೆ ಎಷ್ಟು ಎಳೆದರೂ ಧೂಳೇಳುತ್ತದೆ ಹೊರತು ನೆಲ ಕೂರುವುದಿಲ್ಲ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಹೀಗೆ ಮೂರ್ನಾಲ್ಕು ದಿನ. ಫ್ರೆಂಚ್ ಓಪನ್ ಕೋರ್ಟಿನಲ್ಲೂ ಮೇಲೆ ಕಾಣುವ ಕೆಂಪು ಇಟ್ಟಿಗೆ ಪುಡಿ ಒಂದೆರಡು ಮಿಲಿಮೀಟರ್ ಅಷ್ಟೇ. ಚೆಂಡು ಸರಿಯಾಗಿ ಏಳುವುದು ಕೆಳಗಿನ ಗಟ್ಟಿ ನೆಲದಿಂದ.

ಧೂಳು ಕೂರಲು ಸಗಣಿ ನೀರನ್ನು ತೆಳ್ಳಗೆ ಸೋಸಿ ಸಾರಿಸಿ. ದಪ್ಪ ಆದರೆ ಕಾಲು ಜಾರುತ್ತದೆ.

ಗೆರೆ ಎಳೆಯುವಾಗ ಕಣ್ಣಳತೆ ನಂಬಬೇಡಿ. ಉದ್ದ 78 ಅಡಿ, ಡಬಲ್ಸ್ ಅಗಲ 36 ಅಡಿ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಎರಡೂ ಕಡೆ 85 ಅಡಿ 11 ಇಂಚು ಬರಬೇಕು. ಬಂದರೆ ಮೂಲೆಗಳು ಸರಿಯಾಗಿವೆ ಅಂತ ಅರ್ಥ. ನೆಟ್ ನಡುವೆ 3 ಅಡಿ ಎತ್ತರ, ಕಂಬದ ಹತ್ತಿರ ಮೂರೂವರೆ ಅಡಿ.

ದಿನಾ ಆಟ ಮುಗಿದ ಮೇಲೆ ಒದ್ದೆ ಗೋಣಿತಟ್ಟು ಎಳೆಯಿರಿ, ನೀರು ಚಿಮುಕಿಸಿ. ಹಿಂಗಾರಿ ಮಳೆ ಒಂದು ದಿನ ಸುರಿದರೆ ಆಡುವ ಮೊದಲು ಹಿಮ್ಮಡಿ ಊರಿ ನೋಡಿ. ಗುರುತು ಬಿದ್ದರೆ ಆಟ ನಾಳೆಗೆ.